ಸರಪಳಿ ಸ್ಫಟಿಕದ ಕಾಂತಗುಣ

ರಾಜಾನುಕುಂಟೆ ನಿಲ್ದಾಣ ದಾಟಿ ದೊಡ್ಡಬಳ್ಳಾಪುರದತ್ತ ಸಾಗುವ ರೈಲಿನ ಒಂದು ಕೊಂಡಿ ಕಳಚಿದರೆ ಸಾಕು, ರೈಲು ಎರಡಾಗುತ್ತದೆ. ಕೆಲವು ಸ್ಫಟಿಕಗಳಲ್ಲಿ ಪರಮಾಣುಗಳೂ ಹೀಗೆಯೇ ಸರಪಳಿಯಂತೆ ಜೋಡಣೆಗೊಂಡಿರುತ್ತವೆ. ಅವುಗಳಲ್ಲಿ ಒಂದೊಂದೂ ಪುಟ್ಟ ಅಯಸ್ಕಾಂತ.

ಕಬ್ಬಿಣದ ತುಂಡಿನಲ್ಲಿ ಒಂದು ಪರಮಾಣು ಶಾಖದಿಂದ ಹೊರಳಿದರೆ ಸುತ್ತಲಿನವು ಅದನ್ನು ಮತ್ತೆ ಸಾಲಿಗೆ ಎಳೆಯುತ್ತವೆ. ಸರಪಳಿಯಲ್ಲಿ ಈ ಆಸರೆ ಇಲ್ಲ; ಒಂದು ಕೊಂಡಿ ಮುರಿದರೆ ಅದರಾಚೆಯ ಸಾಲೆಲ್ಲ ತಿರುಗಿ ನಿಲ್ಲಬಹುದು. ಒಂಟಿ ಸರಪಳಿ ಕಾಯಂ ಅಯಸ್ಕಾಂತವಾಗದು ಎಂದು ಜರ್ಮನಿಯ ಅರ್ನ್ಸ್ಟ್ ಈಸಿಂಗ್ 1925ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಮೂರು ಆಯಾಮದ ಸ್ಫಟಿಕವೂ ಹಾಗೆಯೇ ಎಂಬ ಅವರ ಊಹೆ ಮಾತ್ರ ತಪ್ಪಾಯಿತು!

ಹಾಗಾದರೆ ಸರಪಳಿಯಿಂದ ಅಯಸ್ಕಾಂತ ಮಾಡುವುದು ಹೇಗೆ? ಫ್ರಾನ್ಸಿನ ಒಲಿವಿಯೆ ಕಾನ್ ಮತ್ತು ಸಂಗಡಿಗರು ಮ್ಯಾಂಗನೀಸ್, ತಾಮ್ರಗಳನ್ನು ಒಂದು ಬಿಟ್ಟು ಒಂದರಂತೆ ಪೋಣಿಸಿದರು. ಎರಡೂ ವಿರುದ್ಧ ದಿಕ್ಕಿಗೆ ಎಳೆದರೂ ಮ್ಯಾಂಗನೀಸಿನದೇ ಮೇಲುಗೈ, ವ್ಯತ್ಯಾಸ ಉಳಿಯುತ್ತದೆ.

ಇಂಥ ದೊಡ್ಡ-ಚಿಕ್ಕ ಸರಪಳಿಯ ಒಂದು ಮಾದರಿಯನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸ್ವಪನ್ ಪತಿ, ಎಸ್. ರಾಮಶೇಷ, ದಿಪ್ತಿಮಾನ್ ಸೇನ್ 1997ರಲ್ಲಿ ಕಂಪ್ಯೂಟರಿಗೆ ಒಪ್ಪಿಸಿದರು. ಕೆಲಸ ಹಗುರವಲ್ಲ. ಅವರ ಮಾದರಿಯಲ್ಲಿ ಒಂದು ಜೋಡಿಗೆ 6 ಸ್ಥಿತಿಗಳಾದರೆ, ಹತ್ತು ಜೋಡಿಗೆ 6 ಕೋಟಿಗೂ ಹೆಚ್ಚು! ಮುಖ್ಯವಾದವನ್ನಷ್ಟೇ ಉಳಿಸಿಕೊಂಡು ಸರಪಳಿಯನ್ನು ಸ್ವಲ್ಪಸ್ವಲ್ಪವೇ ಬೆಳೆಸುವ, ಅಮೆರಿಕದ ಸ್ಟೀವನ್ ವೈಟ್ 1992ರಲ್ಲಿ ಸೂಚಿಸಿದ ವಿಧಾನ ನೆರವಿಗೆ ಬಂತು. ಪತಿ ಮುಂದೆ ಜಕ್ಕೂರಿನ ಜವಾಹರಲಾಲ್ ನೆಹರೂ ಕೇಂದ್ರ ಸೇರಿದರು.

ಇಷ್ಟಾದರೂ ಒಂಟಿ ಸರಪಳಿಯ ದೌರ್ಬಲ್ಯ ಹೋಗದು. ನಿಜವಾದ ಸ್ಫಟಿಕವನ್ನು ಕಾಯುವುದು ಅಕ್ಕಪಕ್ಕದ ಸರಪಳಿಗಳ ನಡುವಿನ ಕ್ಷೀಣ ಸೆಳೆತ. ಕಾನ್ ಅವರ ಸ್ಫಟಿಕ ಅಯಸ್ಕಾಂತವಾದದ್ದು ಮೈನಸ್ 268 ಡಿಗ್ರಿಯ ಆಸುಪಾಸಿನಲ್ಲಿ. ಅದರಿಂದ ಒಂದು ನೀರಿನ ಅಣು ತೆಗೆದಾಗ ಆ ಮಟ್ಟ ಮೈನಸ್ 243ಕ್ಕೆ ಏರಿತು.