ಬಂಡಿಯೊಳಗೆ ಗ್ಯಾಸು: ಯಾತ್ರೆ ಹೊರಡುವವರಿಗೊಂದು ಮಾತು

ಕಳೆದ ಬೇಸಿಗೆ ರಜೆಯಲ್ಲಿ ನಾವು ಮನೆಮಂದಿಯೆಲ್ಲ ಒಂದು ವ್ಯಾನು ಗೊತ್ತುಮಾಡಿಕೊಂಡು ಪಳನಿಗೆ ಹೋಗಿ, ಅಲ್ಲಿಂದ ದಿಂಡಿಗಲ್ ಮಾರ್ಗವಾಗಿ ಕೊಡೈಕನಾಲಿಗೆ ಹೊರಟಿದ್ದೆವು. ಘಾಟಿ ಹತ್ತುವ ಮೊದಲು ಬತ್ತಲಗುಂಡಿನ ಪೆಟ್ರೋಲ್ ಬಂಕೊಂದಕ್ಕೆ ವ್ಯಾನು ತಿರುಗಿತು. ಕೆಳಗಿಳಿದ ಚಾಲಕ ಹಿಂದಿನ ಬಾಗಿಲು ತೆರೆದವನೇ, "ಮಾಷೆ, ಗ್ಯಾಸು ವಾಸನೆ ಬರುತ್ತದಲ್ಲ!" ಎಂದ.

ಕಾಫಿ ಕಾಯಿಸಲೆಂದು ಸೀಟಿನ ಕೆಳಗಿಟ್ಟಿದ್ದ ಸಣ್ಣ ಸಿಲಿಂಡರಿನ ತಿರುಪು ದಾರಿಯ ಕುಲುಕಾಟಕ್ಕೆ ಸಡಿಲಗೊಂಡಿತ್ತು. ಎಲ್ಲರನ್ನೂ ಇಳಿಸಿ, ಇಂಜಿನ್ ಚಾಲೂ ಮಾಡದೆ ವ್ಯಾನನ್ನು ಹೊರಗೆ ತಳ್ಳಿದೆವು. ಎದುರಿನ ಚಹಾದಂಗಡಿಯ ಹಿರಿಯರೊಬ್ಬರು ಓಡಿಬಂದು ಕೈಜೋಡಿಸಿದರು. ಅವರ ಬಾಯಲ್ಲಿ ಕನ್ನಡ! ಕಂಬಂ ಕಣಿವೆಯಲ್ಲಿ ತಲೆಮಾರುಗಳಿಂದ ಮನೆಯೊಳಗೆ ಕನ್ನಡವಾಡುವ ಕಪ್ಪಿಲಿಯರ ಪೈಕಿಯವರು. "ಮಧುರೆಯ ರೈಲಿನ ಸಂಗತಿ ಮರೆತಿರಾ?" ಎಂದು ಅವರು ಕೇಳಿದಾಗ ನಮಗೆ ತಲೆಯೆತ್ತಲಾಗಲಿಲ್ಲ.

2023ರ ಆಗಸ್ಟ್ 26ರ ಬೆಳಗಿನ ಜಾವ ಮಧುರೆ ನಿಲ್ದಾಣದ ಬಳಿ ನಿಲ್ಲಿಸಿದ್ದ ಪ್ರವಾಸಿ ಬೋಗಿಗೆ ಬೆಂಕಿ ಬಿದ್ದು 9 ಮಂದಿ ಸತ್ತರು. ಲಖನೌದಿಂದ ಬಂದಿದ್ದ ಯಾತ್ರಿಕರ ಬೋಗಿಯದು. ನಿಯಮ ಮೀರಿ ಒಳಗೊಯ್ದಿದ್ದ ಅಡುಗೆ ಗ್ಯಾಸಿನ ಸಿಲಿಂಡರೇ ಕಾರಣವೆಂದು ರೈಲ್ವೆಯವರು ತಿಳಿಸಿದರು.

ನಮ್ಮೊಡನೆ ಅಮೆರಿಕದಿಂದ ಬಂದ ಸೋದರಳಿಯನೂ ಇದ್ದ. ದೊಡ್ಡಮ್ಮನ ಇನ್ಸುಲಿನ್ನಿಗಾಗಿ ನಾವು ಊರೂರಲ್ಲಿ ಮಂಜುಗಡ್ಡೆ ಹುಡುಕುವುದನ್ನು ಕಂಡು ಅವನೆಂದ: "ಮಾವ, ಅಲ್ಲಿಯ ಮನೆವಾಹನಗಳಲ್ಲಿ ಗ್ಯಾಸಿನಿಂದಲೇ ನಡೆಯುವ ಫ್ರಿಜ್ಜು ಇರುತ್ತದೆ. ಓಡುವಾಗಲೂ ಉರಿಸುತ್ತಾರೆ."

ಉರಿಯಿಂದ ತಂಪು ಹೇಗೆಂದು ಮಕ್ಕಳು ಕೇಳಿಯಾರು. 1922ರಲ್ಲಿ ಸ್ವೀಡನ್ನಿನ ಇಬ್ಬರು ವಿದ್ಯಾರ್ಥಿಗಳು, ಫಾನ್ ಪ್ಲಾಟೆನ್ ಮತ್ತು ಮುಂಟರ್ಸ್, ಇದನ್ನು ರೂಪಿಸಿದರು. ಜ್ವಾಲೆಯ ಬಿಸಿಗೆ ನೀರಿನಿಂದ ಅಮೋನಿಯಾ ಬೇರ್ಪಡುತ್ತದೆ. ಅದು ತಣಿದು ದ್ರವವಾಗಿ, ಮತ್ತೆ ಆವಿಯಾಗುವಾಗ ಪೆಟ್ಟಿಗೆಯೊಳಗಿನ ಶಾಖವನ್ನು ಹೀರುತ್ತದೆ. ಯಂತ್ರದ ಸದ್ದಿಲ್ಲ, ವಿದ್ಯುತ್ತಿನ ಹಂಗಿಲ್ಲ. ಆದರೆ ಬೆನ್ನಹಿಂದೆ ಜೀವಂತ ಜ್ವಾಲೆಯುಂಟು.

ಜ್ವಾಲೆ ಆರಿದರೆ ಗ್ಯಾಸನ್ನು ತಡೆಯುವ ಸಾಧನ ಅದರಲ್ಲಿದೆ, ನಿಜ. ಆದರೆ ಅಪಘಾತದಲ್ಲಿ ಕೊಳವೆಯೇ ಮುರಿದರೆ? ಆ ಸಾಧನಕ್ಕೂ ಮೊದಲೇ ಗ್ಯಾಸು ಹೊರಬೀಳುತ್ತದೆ. ಪ್ರೊಪೇನು ಗಾಳಿಗಿಂತ ಸುಮಾರು ಒಂದೂವರೆ ಪಟ್ಟು ಭಾರ; ಮೇಲೇರಿ ಹೋಗದೆ ವಾಹನದ ತಳದಲ್ಲಿ ಹರಡಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಎರಡು ಪಾಲಿನಷ್ಟು ಸೇರಿದರೂ ಒಂದು ಕಿಡಿ ಸಾಕು.

ಆದುದರಿಂದ ನಮ್ಮ ಸಲಹೆ ಇಷ್ಟೆ. ವಾಹನ ಹೊರಡುವ ಮೊದಲು ಫ್ರಿಜ್ಜಿನ ಗುಂಡಿಯನ್ನಷ್ಟೇ ಅಲ್ಲ, ಸಿಲಿಂಡರಿನ ಬಾಯಿಯನ್ನೇ ಮುಚ್ಚಬೇಕು. ಬಂಕಿನ ಹತ್ತಿರ ಯಾವ ಜ್ವಾಲೆಯೂ ಉರಿಯಕೂಡದು. ಫ್ರಿಜ್ಜನ್ನು ಹಿಂದಿನ ರಾತ್ರಿಯೇ ತಂಪುಮಾಡಿ, ತುಂಬಿಸಿ, ಬಾಗಿಲು ತೆರೆಯದಿದ್ದರೆ ಕೆಲವು ಗಂಟೆ ತಂಪು ಉಳಿಯುತ್ತದೆ. ಓಡುವಾಗ ವಾಹನದ ಬ್ಯಾಟರಿಯಿಂದ ನಡೆಸುವ ಸೌಕರ್ಯವಿದ್ದರೆ ಅದೇ ಲೇಸು. ನಿಂತಾಗ ಸಮನೆಲದಲ್ಲಿ ನಿಲ್ಲಿಸಬೇಕು. ಓರೆಯಾಗಿ ನಿಂತು ಬಹುಕಾಲ ಉರಿದರೆ ಫ್ರಿಜ್ಜು ಕೆಡುತ್ತದೆ.

ವ್ಯಾನಿನಲ್ಲಿ ಹೋಗುವ ನಮ್ಮಂಥವರಿಗೆ ಸಿಲಿಂಡರೇ ಬೇಡ. ಔಷಧಿಗೆ ಮಂಜುಗಡ್ಡೆಯ ಪೆಟ್ಟಿಗೆ ಸಾಕು. ಆದರೆ ಇನ್ಸುಲಿನ್ನು ಮಂಜುಗಡ್ಡೆಗೆ ತಾಗಬಾರದು, ಬಟ್ಟೆ ಸುತ್ತಿಡಬೇಕು. ಒಮ್ಮೆ ಹೆಪ್ಪುಗಟ್ಟಿದ್ದನ್ನು ಎಸೆಯುವುದೇ ಸರಿ. ಗ್ಯಾಸು ಸೋರಿದರೆ ಸ್ವಿಚ್ಚು ಮುಟ್ಟದೆ ಎಲ್ಲರೂ ಇಳಿದು ದೂರ ಸರಿದು, 1906ಕ್ಕೆ ಫೋನು ಮಾಡಿ.

ಸಿಲಿಂಡರಿನ ಬಾಯಿ ಬಿಗಿದು, ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಒಂದು ತಾಸು ಆ ಚಹಾದಂಗಡಿಯಲ್ಲೇ ಕುಳಿತೆವು. ಹಿರಿಯರು ಚಹಾದ ಹಣ ಮುಟ್ಟಲಿಲ್ಲ. "ಕಾಫಿ ಎಲ್ಲಿಯೂ ಸಿಗುತ್ತದೆ, ಮಕ್ಕಳು ಸಿಗುವುದಿಲ್ಲ" ಎಂದರು. ಸಿಲಿಂಡರನ್ನು ಅವರ ಹಿತ್ತಲಲ್ಲೇ ಬಿಟ್ಟು ಘಾಟಿ ಹತ್ತಿದೆವು.