ಕಚ್ಚುವುದು ಶೂ ಅಲ್ಲ

ಹೊಸ ಚಪ್ಪಲಿ ಕಚ್ಚಿತು ಎನ್ನುತ್ತೇವೆ. ಅಂಚಿಗೆ ಹರಳೆಣ್ಣೆ ಸವರಿ, ನಾಲ್ಕು ದಿನ ಮನೆಯೊಳಗೇ ಮೆಟ್ಟಿಕೊಂಡು ಓಡಾಡಿ ಅದನ್ನು ಪಳಗಿಸುತ್ತೇವೆ. ಈ ಮಾತಿನೊಳಗೆ ಒಂದು ಸಿದ್ಧಾಂತವೇ ಅಡಗಿದೆ: ಹೊರಗಿನ ವಸ್ತು ಚರ್ಮವನ್ನು ಉಜ್ಜಿ ಉಜ್ಜಿ, ಬಿಸಿಯೇರಿಸಿ, ಬೊಬ್ಬೆ ಎಬ್ಬಿಸುತ್ತದೆ ಎಂದು. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ನಡೆಯುವ ಮಲ್ನಾಡ್ ಅಲ್ಟ್ರಾದಂಥ ಕಾಡುದಾರಿಯ ಓಟಕ್ಕೆ ಹೊರಟವರು ಪಾದಕ್ಕೆ ವ್ಯಾಸಲಿನ್ ಮೆತ್ತಿಕೊಳ್ಳುವುದೂ, ಅಂಗಾಲು ಜಡ್ಡುಗಟ್ಟಲಿ ಎಂದು ಕಾಯುವುದೂ ಇದೇ ನಂಬಿಕೆಯಿಂದ. ನಂಬಿಕೆಯ ಬುಡವೇ ಸಡಿಲ.

ಎಡಗೈಯ ಹಿಂಬದಿಗೆ ಬಲಗೈ ತೋರುಬೆರಳನ್ನು ಒತ್ತಿ, ಜಾರದಂತೆ ಹಿಂದೆ ಮುಂದೆ ಆಡಿಸಿ ನೋಡಿ. ಬೆರಳು ಚರ್ಮವನ್ನು ಉಜ್ಜುತ್ತಲೇ ಇಲ್ಲ. ಚರ್ಮವೇ ಅದಕ್ಕೆ ಅಂಟಿಕೊಂಡು ಮೂಳೆಯ ಮೇಲೆ ಸರಿದಾಡುತ್ತಿದೆ. ಶೂ ಒಳಗೆ ಇದೇ ಆಟ ತಿರುವುಮುರುವು. ಸಾಕ್ಸು ಚರ್ಮವನ್ನು ಹಿಡಿದು ನಿಲ್ಲಿಸುತ್ತದೆ, ಹಿಮ್ಮಡಿಯ ಮೂಳೆ ಹೆಜ್ಜೆಹೆಜ್ಜೆಗೂ ಒಳಗಿನಿಂದ ಜಗ್ಗುತ್ತದೆ. ಸಾವಿರಾರು ಸಲ ಹೀಗೆ ಎಳೆದಾಡಿದ ಮೇಲೆ ಮೇಲ್ಚರ್ಮದ ನಡುವಿನ ಜೀವಕೋಶಗಳ ಪದರ ಸೀಳಿ, ಆ ಸೀಳಿನಲ್ಲಿ ನೀರು ಜಿನುಗಿ ತುಂಬುತ್ತದೆ. ಉಜ್ಜಾಟವೇ ಕಾರಣವಾಗಿದ್ದರೆ ಮೊದಲು ಮೇಲ್ಪದರ ಸವೆಯಬೇಕಿತ್ತು; ಬೊಬ್ಬೆಯ ಛಾವಣಿ ನೋಡಿದರೆ ಅಖಂಡವಾಗಿರುತ್ತದೆ. ತೊಡೆಸಂದಿನ ತೆಳು ಚರ್ಮ ಉಜ್ಜಿದರೆ ತರಚುತ್ತದೆ ಅಷ್ಟೆ. ಬೊಬ್ಬೆಗೆ ಅಂಗಾಲು, ಅಂಗೈ, ಹಿಮ್ಮಡಿಯಂಥ ದಪ್ಪ ಬಿಗಿ ಚರ್ಮವೇ ಬೇಕು. ಕಾಲು ಬಿಸಿಯಾಗುವುದೇನೋ ನಿಜ. ಆದರೆ ಸುಟ್ಟ ಬೊಬ್ಬೆ ಏಳಿಸುವಷ್ಟು ಬಿಸಿ ಶೂ ಒಳಗೆ ಹುಟ್ಟುವುದಿಲ್ಲ. ಜಡ್ಡೂ ಕವಚವಲ್ಲ, ಅದರ ಅಡಿಯಲ್ಲೇ ಬೊಬ್ಬೆ ಏಳಬಲ್ಲದು. ದಿನದಿನಕ್ಕೆ ದೂರ ಏರಿಸಿದ ಕಾಲು ಪಳಗುತ್ತದೆ ಎಂಬ ಮಾತನ್ನು ಮಾತ್ರ ನಾನು ಅಲ್ಲಗಳೆಯಲಾರೆ.

ಹಾಗಾದರೆ ತಡೆಯಬೇಕಾದ್ದು ಸಾಕ್ಸಿನ ಹಿಡಿತವನ್ನು, ಮೂಳೆಯ ಜಗ್ಗಾಟವನ್ನು. ಹಿಡಿತದ ಗುಟ್ಟು ತೇವದಲ್ಲಿದೆ. ನೋಟು ಎಣಿಸುವವರು ಬೆರಳನ್ನು ತುಸು ಒದ್ದೆ ಮಾಡಿಕೊಳ್ಳುವುದು ನೋಟು ಅಂಟಲೆಂದೇ ಅಲ್ಲವೇ? ಬ್ರಿಟನ್ನಿನ ಸಂಶೋಧಕ ನೇಲರ್ 1955ರಲ್ಲಿ ಪ್ರಯೋಗಮಾಡಿ ತೋರಿಸಿದ್ದೂ ಇದನ್ನೇ: ಪೂರ್ತಿ ಒಣಗಿದ ಚರ್ಮಕ್ಕಿಂತ, ಪೂರ್ತಿ ನೆನೆದ ಚರ್ಮಕ್ಕಿಂತ ಅರೆತೇವದ ಚರ್ಮಕ್ಕೆ ಘರ್ಷಣೆ ಹೆಚ್ಚು. ಹಳ್ಳ ದಾಟುವ ಗಳಿಗೆಗಿಂತ, ದಾಟಿದ ಮೇಲೆ ಅರೆಬರೆ ಆರಿದ ಸಾಕ್ಸಿನಲ್ಲಿ ಓಡುವ ಹೊತ್ತು ಅಪಾಯದ್ದು. ವ್ಯಾಸಲಿನ್ ಮೊದಲು ಜಾರಿಸುತ್ತದೆ, ಸುಳ್ಳಲ್ಲ. ಆದರೆ ಕೆಲವು ಗಂಟೆಗಳಲ್ಲಿ ಘರ್ಷಣೆ ಮೊದಲಿನ ಮಟ್ಟಕ್ಕೆ ಮರಳಿ ಅದನ್ನೂ ಮೀರುತ್ತದೆ ಎಂದು ಅಳತೆಗಳು ಹೇಳುತ್ತವೆ. ಹತ್ತು ಕಿಲೋಮೀಟರ್ ಓಡಿದವರಿಗೆ ಏನೂ ಆಗಲಿಲ್ಲವಲ್ಲ ಎಂದರೆ, ಅವರ ಓಟ ಒಂದೆರಡು ಗಂಟೆಯೊಳಗೆ ಮುಗಿದಿತ್ತು. ಘಟ್ಟದ 50 ಕಿಲೋಮೀಟರಿನಲ್ಲಿ ನಡುನಡುವೆ ಒರೆಸಿ ಮತ್ತೆ ಹಚ್ಚದಿದ್ದರೆ ಅದೇ ವ್ಯಾಸಲಿನ್ ತಿರುಗಿಬೀಳುತ್ತದೆ.

ಬೆವರನ್ನೇ ನಿಲ್ಲಿಸಿದರೆ? ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಕೆಡೆಟ್‌ಗಳ ಮೇಲೆ ನಡೆದು 1998ರಲ್ಲಿ ಪ್ರಕಟವಾದ ಪ್ರಯೋಗವೊಂದಿದೆ. ಬೆವರು ತಡೆಯುವ ಅಲ್ಯುಮಿನಿಯಂ ಕ್ಲೋರೈಡ್ ದ್ರಾವಣ ಹಚ್ಚಿ 21 ಕಿಲೋಮೀಟರ್ ನಡೆದವರಲ್ಲಿ ಶೇ. 21 ಮಂದಿಗೆ ಬೊಬ್ಬೆ ಬಂತು, ಹಚ್ಚದವರಲ್ಲಿ ಶೇ. 48 ಮಂದಿಗೆ. ತೇವದ ಲೆಕ್ಕ ಸರಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆದರೆ ಹಚ್ಚಿದವರಲ್ಲಿ ಶೇ. 57 ಮಂದಿಗೆ ಚರ್ಮ ಕೆರಳಿತ್ತು, ಉಳಿದವರಲ್ಲಿ ಬರೀ ಶೇ. 6. ಸಿದ್ಧಾಂತ ಗೆದ್ದು ಔಷಧಿ ಸೋತ ಪ್ರಸಂಗ ಇದು. ಹತ್ತಿ ಬಿಟ್ಟು ಅಕ್ರಿಲಿಕ್ ಸಾಕ್ಸು ಹಾಕಿ ಎಂಬ ಸಲಹೆಯೂ ಅಷ್ಟು ಸರಳವಲ್ಲ. 1990ರ ಅಧ್ಯಯನದಲ್ಲಿ ಅಕ್ರಿಲಿಕ್ ಗೆದ್ದಿತು. 1993ರಲ್ಲಿ ಅದೇ ಸಂಶೋಧಕರು ಸಾಧಾರಣ ಹೆಣಿಗೆಯ ಸಾಕ್ಸು ಕೊಟ್ಟು ನೋಡಿದಾಗ ವ್ಯತ್ಯಾಸವೇ ಕಾಣಲಿಲ್ಲ. ನೂಲಿನಷ್ಟೇ ಹೆಣಿಗೆಯನ್ನೂ ನೋಡಿ ಕೊಳ್ಳಬೇಕು.

ಔಷಧಿ ಅಂಗಡಿಯ ಅಗ್ಗದ ಪೇಪರ್ ಟೇಪಿನ ಕಥೆ ಇನ್ನೂ ಸ್ವಾರಸ್ಯದ್ದು. 250 ಕಿಲೋಮೀಟರಿನ, ಹಲವು ದಿನಗಳ ಮರುಭೂಮಿ ಓಟಗಳಲ್ಲಿ 128 ಮಂದಿಯ ಪಾದದ ಕೆಲವು ಜಾಗಗಳಿಗಷ್ಟೇ ಟೇಪು ಅಂಟಿಸಿ ನೋಡಿದಾಗ, ಬೊಬ್ಬೆ ಶೇ. 40ರಷ್ಟು ಕಡಿಮೆಯಾಯಿತು ಎಂದು 2016ರಲ್ಲಿ ಪ್ರಕಟವಾಯಿತು. ಅದೇ ತಂಡದ ಹಿಂದಿನ ಪ್ರಯೋಗದಲ್ಲಿ ಟೇಪಿನಿಂದ ಲಾಭವೇ ಕಂಡಿರಲಿಲ್ಲ ಎಂದು ಯಾರಾದರೂ ತಕರಾರು ತೆಗೆದರೆ ಅದು ನ್ಯಾಯವೇ. ನನ್ನ ಒಲವು 2016ರ ಪ್ರಯೋಗದ ಕಡೆಗೆ, ಬರೀ ಅಂಕಿಯಿಂದಲ್ಲ: ಟೇಪು ಚರ್ಮಕ್ಕೆ ಅಂಟಿಕೊಂಡು, ಒಂದೇ ಬಿಂದುವಿನ ಮೇಲಿನ ಎಳೆತವನ್ನು ಅಗಲಕ್ಕೆ ಹಂಚುತ್ತದೆ ಎಂಬುದು ಮೇಲೆ ಹೇಳಿದ ಕಾರಣಕ್ಕೆ ಹೊಂದುತ್ತದೆ. ಓಟದ ಮುಂಚೆಯೇ, ಒಣ ಕಾಲಿಗೆ, ಸುಕ್ಕಿಲ್ಲದಂತೆ ಅಂಟಿಸಬೇಕು. ಸುಕ್ಕೊಂದು ಉಳಿದರೆ ಅದೇ ಹೊಸ ಕಾಟ.

ಮೂಳೆಯ ಜಗ್ಗಾಟ ತಗ್ಗಿಸಲು ದುಡ್ಡೂ ಬೇಡ. ಬಹುತೇಕ ಓಟದ ಶೂಗಳಲ್ಲಿ ಮೇಲ್ತುದಿಗೆ, ಸಾಲಿನಿಂದ ತುಸು ಹಿಂದೆ ಸರಿದು, ಒಂದು ಹೆಚ್ಚುವರಿ ತೂತು ಇರುತ್ತದೆ. ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿ ಪುಟ್ಟ ಕುಣಿಕೆ ಬಿಟ್ಟು, ಎದುರು ಬದಿಯ ಲೇಸನ್ನು ಅದರೊಳಗೆ ತೂರಿಸಿ ಬಿಗಿದರೆ, ಏರಿನಲ್ಲಿ ಹಿಮ್ಮಡಿ ಮೇಲೆದ್ದು ಕೂರುವ ಆಟ ಕಡಿಮೆಯಾಗುತ್ತದೆ. ಎಷ್ಟೋ ಜನರ ಶೂ ಸವೆದುಹೋದರೂ ಆ ತೂತು ಹೊಸದಾಗಿಯೇ ಉಳಿದಿರುತ್ತದೆ.