ತಿಂಗಳಿಗೆ ಎಂಟು ಡಾಲರ್

ಅಮೆರಿಕದ ಅಂತರ್ಯುದ್ಧ ಶುರುವಾದ ಮರುವರ್ಷ, 1862ರ ಜುಲೈ 14ರಂದು, ಅಬ್ರಹಾಂ ಲಿಂಕನ್ ಒಂದು ಪಿಂಚಣಿ ಕಾನೂನಿಗೆ ಸಹಿ ಹಾಕಿದ. ಅದರಲ್ಲಿ ಕರುಣೆ ಎಷ್ಟಿತ್ತೋ ಲೆಕ್ಕಾಚಾರವೂ ಅಷ್ಟೇ ಇತ್ತು. ಉತ್ತರದ ಸೇನೆಗೆ ತಾವಾಗಿ ಬಂದು ಸೇರುವ ಆಳುಗಳು ಬೇಕಿದ್ದರು. ಕೈಕಾಲು ಹೋದರೆ ಗತಿಯೇನು, ಸತ್ತರೆ ಮನೆಯವರ ಪಾಡೇನು ಎಂದು ಹಿಂಜರಿಯುತ್ತಿದ್ದ ಹಳ್ಳಿಯ ಹುಡುಗನಿಗೆ ಸರ್ಕಾರ ಕೊಟ್ಟ ಮಾತು ಅದು.

ದುಡಿಯುವ ಶಕ್ತಿ ಪೂರ್ತಿ ಹೋದ ಸಿಪಾಯಿಗೆ ತಿಂಗಳಿಗೆ 8 ಡಾಲರ್. ಲೆಫ್ಟಿನೆಂಟ್ ಕರ್ನಲ್ ಮತ್ತು ಅವನಿಗಿಂತ ಮೇಲಿನವರಿಗೆ 30. ಸಿಪಾಯಿಯ ಸಂಬಳವೇ ಆಗ 13 ಡಾಲರ್ ಇತ್ತು. ಸತ್ತವನ ವಿಧವೆಗೆ, ಹದಿನಾರು ತುಂಬದ ಮಕ್ಕಳಿಗೆ, ಅವರಿಲ್ಲದಿದ್ದರೆ ಅವನನ್ನೇ ನಂಬಿದ್ದ ತಾಯಿಗೆ, ತಬ್ಬಲಿ ತಂಗಿಯರಿಗೆ ಕೂಡ ಈ ಹಣ ಸಲ್ಲುತ್ತಿತ್ತು. ತಾಯಿ, ತಂಗಿಯರನ್ನು ಇಂಥ ಕಾನೂನಿಗೆ ಸೇರಿಸಿದ್ದು ಆ ದೇಶದಲ್ಲಿ ಅದೇ ಮೊದಲು. ಆದರೂ ಕರ್ನಲನ ಕಾಲಿಗೊಂದು ಬೆಲೆ, ಸಿಪಾಯಿಯ ಕಾಲಿಗೊಂದು ಬೆಲೆ ಎಂಬುದನ್ನು ಅಲ್ಲಿ ಯಾರೂ ವಿಚಿತ್ರವೆಂದುಕೊಳ್ಳಲಿಲ್ಲ.

ಈ ಯುದ್ಧದಲ್ಲಿ ಸುಮಾರು 60,000 ಮಂದಿಯ ಕೈಕಾಲು ಕತ್ತರಿಸಬೇಕಾಯಿತು. ಮರದ ಕಾಲಿಗೆ ಸರ್ಕಾರ 75 ಡಾಲರ್ ಕೊಟ್ಟಿತು, ಕೈಗೆ 50. 1864ರಲ್ಲಿ ಎರಡೂ ಕೈ ಇಲ್ಲವೇ ಎರಡೂ ಕಣ್ಣು ಕಳೆದುಕೊಂಡವನಿಗೆ ತಿಂಗಳಿಗೆ 25 ಡಾಲರ್, ಎರಡೂ ಪಾದ ಹೋದವನಿಗೆ 20 ಡಾಲರ್ ಎಂದು ಗೊತ್ತುಮಾಡಿದರು. ಮುಂದೆ ಒಂದು ಕೈ ಅಥವಾ ಒಂದು ಪಾದ ಹೋದದ್ದಕ್ಕೆ 18 ಡಾಲರ್ ಎಂದಾದ ಮೇಲೆ, ಅದಕ್ಕಿಂತ ಸಣ್ಣ ಊನಗಳನ್ನು ಹದಿನೆಂಟರ ಭಾಗಗಳಲ್ಲಿ ಅಳೆಯತೊಡಗಿದರು. ಸಂಧಿವಾತದ ಮುದುಕನನ್ನು ಕೂರಿಸಿ, ಎಬ್ಬಿಸಿ, ಮೊಣಕಾಲು ಮಡಿಸಿ ನೋಡಿ, ಇವನದು ಹದಿನೆಂಟರಲ್ಲಿ ಆರು ಪಾಲು ಎಂದು ವೈದ್ಯರ ಮಂಡಳಿ ಷರಾ ಬರೆಯುತ್ತಿತ್ತು. ಅಳತೆಗೋಲು ಒಂದೇ: ಮೈಮುರಿದು ಕೂಲಿ ಮಾಡಬಲ್ಲನೇ, ಇಲ್ಲವೇ.

ಕತ್ತರಿಸಿದ ಕಾಲನ್ನು ಸಾಬೀತು ಮಾಡುವ ಕಷ್ಟವಿಲ್ಲ. ಆದರೆ ಉತ್ತರದ ಸೇನೆಯಲ್ಲಿ ಸತ್ತವರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಜನ ಗುಂಡಿನಿಂದಲ್ಲ, ಭೇದಿ, ವಿಷಮಶೀತಜ್ವರ, ಮಲೇರಿಯಾದಂಥ ಕಾಯಿಲೆಗಳಿಂದ ಸತ್ತವರು. ಬದುಕಿ ಮನೆಗೆ ಬಂದವರ ಹೊಟ್ಟೆಯಲ್ಲಿ, ಎದೆಯಲ್ಲಿ ಅದೇ ಕಾಯಿಲೆಗಳು ಉಳಿದಿದ್ದವು. ಇಪ್ಪತ್ತು ವರ್ಷದ ಹಿಂದಿನ ಭೇದಿ ದಂಡಿನಲ್ಲೇ ಹತ್ತಿದ್ದು ಎನ್ನಲು ಆಸ್ಪತ್ರೆಯ ದಾಖಲೆ ಬೇಕು. ಅದಿಲ್ಲದಿದ್ದರೆ ಜೊತೆಗಿದ್ದ ಅಧಿಕಾರಿಯೋ ಸೈನಿಕರೋ ಪ್ರಮಾಣ ಮಾಡಿ ಬರೆದುಕೊಡಬೇಕು. ಅವರು ಸತ್ತಿದ್ದರೆ, ಊರು ಬಿಟ್ಟಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತಿತ್ತು. ಅನುಮಾನ ಬಂದ ಕಡೆ ವಿಶೇಷ ತನಿಖಾಧಿಕಾರಿ ಊರಿಗೇ ಬಂದು, ನೆರೆಹೊರೆಯವರನ್ನು ಕರೆಸಿ ಹೇಳಿಕೆ ಬರೆಸಿಕೊಳ್ಳುತ್ತಿದ್ದ. ವಿಧವೆಯಾದರೆ ಅವಳ ನಡತೆಯ ವಿಚಾರಣೆಯೂ ಆಗುತ್ತಿತ್ತು. ಮರುಮದುವೆಯಾದರೆ ಪಿಂಚಣಿ ನಿಂತಿತು. ಮದುವೆಯಾಗದೆ ಯಾರ ಜೊತೆಗೋ ಬಾಳುತ್ತಿದ್ದಾಳೆಂದು ತಿಳಿದರೂ 1882ರ ನಂತರ ನಿಂತಿತು.

ಕಾಗದವೇ ಇಲ್ಲದ ಜನಕ್ಕೆ ಈ ದಾರಿ ಇನ್ನೂ ಕಡಿದಾಗಿತ್ತು. ಸುಮಾರು 1,80,000 ಕಪ್ಪು ಸೈನಿಕರು ಉತ್ತರದ ಪರವಾಗಿ ಹೋರಾಡಿದರು, ಅವರಲ್ಲಿ ಹೆಚ್ಚಿನವರು ಗುಲಾಮಗಿರಿಯಿಂದ ಬಂದವರು. ಗುಲಾಮರ ಮದುವೆಗೆ ಕಾನೂನಿನ ಮಾನ್ಯತೆ ಇರಲಿಲ್ಲ. ಹುಟ್ಟಿದ ದಿನ ಎಲ್ಲೂ ದಾಖಲಾಗಿರಲಿಲ್ಲ. 1864ರ ಏಪ್ರಿಲ್‌ನಲ್ಲಿ ಟೆನೆಸ್ಸಿಯ ಫೋರ್ಟ್ ಪಿಲ್ಲೋದಲ್ಲಿ ದಕ್ಷಿಣದ ಪಡೆ ಶರಣಾದ ಕಪ್ಪು ಸೈನಿಕರನ್ನು ಕೊಂದುಹಾಕಿತು. ಅಲ್ಲಿ ಸತ್ತ ಬಿಳಿಯ ಮೇಜರನ ಹೆಂಡತಿ ಲಿಂಕನ್‌ನನ್ನು ಕಂಡು, ತನಗೆ ಸಿಗುವುದು ಆ ಸೈನಿಕರ ಹೆಂಡಿರಿಗೂ ಸಿಗಬೇಕೆಂದು ಕೇಳಿದಳು. ಲಿಂಕನ್ ಈ ಬಗ್ಗೆ ಸೆನೆಟರ್ ಚಾರ್ಲ್ಸ್ ಸಮ್ನರ್‌ಗೆ ಬರೆದ. ಆ ಜುಲೈನಲ್ಲೇ ಕಾನೂನು ತಿದ್ದಿ, ಗಂಡಹೆಂಡಿರಾಗಿ ಬಾಳಿದ್ದಕ್ಕೆ ಸಾಕ್ಷಿ ಇದ್ದರೆ ಸಾಕು ಎಂದರು.

ಸಾಕ್ಷಿ ತರುವುದು ಎಷ್ಟು ಕಷ್ಟ ಎಂಬುದಕ್ಕೆ ಹ್ಯಾರಿಯೆಟ್ ಟಬ್ಮನ್ ಕಡತವೊಂದೇ ಸಾಕು. ನೂರಾರು ಗುಲಾಮರ ಬಿಡುಗಡೆಗೆ ಕಾರಣಳಾದ, ಯುದ್ಧದಲ್ಲಿ ಬೇಹುಗಾರಿಕೆ ಮಾಡಿದ, 1863ರಲ್ಲಿ ಕಂಬಾಹೀ ನದಿಯ ದಾಳಿಗೆ ದಾರಿ ತೋರಿಸಿದ ಹೆಂಗಸು ಆಕೆ. ಗಂಡ ನೆಲ್ಸನ್ ಡೇವಿಸ್ 1888ರಲ್ಲಿ ಸತ್ತ. ಆದರೆ ಸೇನೆಯ ಪಟ್ಟಿಯಲ್ಲಿ ಅವನ ಹೆಸರು ನೆಲ್ಸನ್ ಚಾರ್ಲ್ಸ್ ಎಂದಿತ್ತು! ಇಬ್ಬರೂ ಒಬ್ಬನೇ, ತಾನೇ ಅವನ ಹೆಂಡತಿ ಎಂದು ಓದುಬರಹ ಬಾರದ ಆಕೆ ಪ್ರಮಾಣಪತ್ರಗಳ ಮೇಲೆ ಪ್ರಮಾಣಪತ್ರ ಕೊಡಬೇಕಾಯಿತು. 1890ರಲ್ಲಿ ಹಾಕಿದ ಅರ್ಜಿಗೆ 1895ರಲ್ಲಿ ಫಲ ಸಿಕ್ಕಿತು: ತಿಂಗಳಿಗೆ 8 ಡಾಲರ್. ಆಕೆಯ ಸ್ವಂತ ಸೇವೆಗೂ ಹಣ ಸಲ್ಲಬೇಕೆಂದು ಹಿತೈಷಿಗಳು ಸಂಸತ್ತಿನ ತನಕ ಹೋದ ಮೇಲೆ, 1899ರಲ್ಲಿ ಅದು 20 ಡಾಲರ್ ಆಯಿತು. ಆ ಹೆಚ್ಚಳಕ್ಕೆ ಲೆಕ್ಕಕ್ಕೆ ಹಿಡಿದದ್ದು ದಾದಿಯ ಕೆಲಸವನ್ನು. ಬೇಹುಗಾರಿಕೆಯ ಸುದ್ದಿ ಅದರಲ್ಲಿ ಬರಲಿಲ್ಲ.

ಟಬ್ಮನ್ ಅಲೆಯುತ್ತಿದ್ದ ಆ ವರ್ಷಗಳ ಆಚೀಚೆ ನಿಯಮ ಸಡಿಲವಾಗುತ್ತ ಹೋಯಿತು. ಉತ್ತರದ ಮಾಜಿ ಸೈನಿಕರ ಸಂಘ, ಗ್ರ್ಯಾಂಡ್ ಆರ್ಮಿ ಆಫ್ ದ ರಿಪಬ್ಲಿಕ್, 1890ರ ಹೊತ್ತಿಗೆ ನಾಲ್ಕು ಲಕ್ಷ ಸದಸ್ಯರ ಮತಬ್ಯಾಂಕಾಗಿತ್ತು. 1879ರ ಕಾನೂನು, ಬಿಡುಗಡೆಯಾದ ದಿನದಿಂದ ಲೆಕ್ಕ ಹಾಕಿ ಹಳೆ ಬಾಕಿಯನ್ನು ಒಟ್ಟಿಗೆ ಕೊಡುವಂತೆ ಮಾಡಿತು. ಅಧ್ಯಕ್ಷ ಗ್ರೋವರ್ ಕ್ಲೀವ್‌ಲೆಂಡ್ ಒಬ್ಬೊಬ್ಬರ ಹೆಸರಿನ ಪಿಂಚಣಿ ಮಸೂದೆಗಳನ್ನು ನೂರಾರು ಸಂಖ್ಯೆಯಲ್ಲಿ ತಿರಸ್ಕರಿಸಿ ಮಾಜಿ ಸೈನಿಕರ ಕೋಪಕ್ಕೆ ಗುರಿಯಾದ. ಅವನನ್ನು ಸೋಲಿಸಿ ಬಂದವರ ಕಾಲದಲ್ಲಿ, 1890ರಲ್ಲಿ, 90 ದಿನ ಸೇವೆ ಮಾಡಿ ಗೌರವದಿಂದ ಬಿಡುಗಡೆಯಾದವನಿಗೆ ಯಾವ ಕಾರಣದಿಂದ ದೇಹ ಕುಗ್ಗಿದರೂ ಪಿಂಚಣಿ ಎಂದಾಯಿತು. ದುಶ್ಚಟದಿಂದ ಆಗಿರಬಾರದು, ಅಷ್ಟೇ. 1907ರಲ್ಲಿ 62 ವರ್ಷ ತುಂಬಿದ್ದೇ ಅರ್ಹತೆಯಾಯಿತು. ಹೆಸರು ಯುದ್ಧದ್ದು, ಕೆಲಸ ವೃದ್ಧಾಪ್ಯ ವೇತನದ್ದು. 1893ರಲ್ಲಿ ಕೇಂದ್ರ ಸರ್ಕಾರದ ವೆಚ್ಚದಲ್ಲಿ ಶೇ 40ರಷ್ಟು ಪಿಂಚಣಿಗೇ ಹೋಗುತ್ತಿತ್ತು. ಮೋಸವೂ ನಡೆಯಿತು, ದಲ್ಲಾಳಿ ವಕೀಲರೂ ಕೊಬ್ಬಿದರು. ಆದರೂ ಮೋಸದ ಗದ್ದಲದಲ್ಲಿ ದುಡಿಯಲಾರದ ಲಕ್ಷಾಂತರ ಮುದುಕರಿಗೆ ಗಂಜಿ ಸಿಕ್ಕಿದ್ದನ್ನು ಮರೆಯುವುದು ಸರಿಯಲ್ಲ.

ಇಷ್ಟು ಕಾಗದಕ್ಕೆ ಒಂದು ಅರಮನೆಯೇ ಬೇಕಾಯಿತು. ವಾಷಿಂಗ್ಟನ್‌ನಲ್ಲಿ 1887ರಲ್ಲಿ ಮುಗಿದ ಪಿಂಚಣಿ ಕಚೇರಿಗೆ ಒಂದೂವರೆ ಕೋಟಿ ಇಟ್ಟಿಗೆ ಹಿಡಿಯಿತು. ಕಟ್ಟಿಸಿದವನು ಜನರಲ್ ಮಾಂಟ್‌ಗೊಮೆರಿ ಮೀಗ್ಸ್, ಯುದ್ಧದಲ್ಲಿ ಮಗನನ್ನು ಕಳೆದುಕೊಂಡವನು. ಮರದ ಕಾಲಿನವರೂ ಹತ್ತಲಿ ಎಂದು ಮೆಟ್ಟಿಲುಗಳನ್ನು ತಗ್ಗಾಗಿ ಕಟ್ಟಿಸಿದ. ಕಡತಗಳು ಓಡಾಡಲು ಮೇಲೆ ತೂಗುಹಳಿ ಹಾಕಿಸಿದ. ಅದೀಗ ಕಟ್ಟಡಕಲೆಯ ವಸ್ತುಸಂಗ್ರಹಾಲಯ.

ಸೋತ ದಕ್ಷಿಣದ ಸೈನಿಕರಿಗೆ ಇದರಲ್ಲಿ ಪಾಲಿರಲಿಲ್ಲ. ಅವರ ರಾಜ್ಯಗಳೇ ಬಡ ಬೊಕ್ಕಸದಿಂದ ಮರದ ಕಾಲು, ಕಿರು ಪಿಂಚಣಿ ಕೊಟ್ಟವು. ಅವರ ವಿಧವೆಯರಿಗೆ ಕೇಂದ್ರದ ಹಣ ಸಿಕ್ಕಿದ್ದು 1958ರಲ್ಲಿ. ಆ ಯುದ್ಧದ ಕೊನೆಯ ಪಿಂಚಣಿ, ತಿಂಗಳಿಗೆ 73 ಡಾಲರ್ 13 ಸೆಂಟ್, ಉತ್ತರ ಕ್ಯಾರೊಲಿನಾದ ಒಬ್ಬ ಮಹಿಳೆಗೆ 2020ರ ಮೇ ತಿಂಗಳಲ್ಲಿ ಆಕೆ ತೀರಿಕೊಳ್ಳುವ ತನಕ ಸಲ್ಲುತ್ತಿತ್ತು. ಆಕೆ ಹುಟ್ಟಿದಾಗ ತಂದೆಗೆ 83 ವರ್ಷ; ಸ್ವತಂತ್ರವಾಗಿ ದುಡಿದು ಬಾಳಲಾಗದ ಮಗಳಾದ್ದರಿಂದ ಹಣ ಮುಂದುವರಿಯಿತು. ಆ ತಂದೆ ಮೊದಲು ಸೇರಿದ್ದು ದಕ್ಷಿಣದ ಸೇನೆಯನ್ನು. ಅಲ್ಲಿಂದ ತಪ್ಪಿಸಿಕೊಂಡು ಉತ್ತರದ ದಂಡಿಗೆ ಸೇರಿದ್ದಕ್ಕೇ ಈ ಪಿಂಚಣಿ ಸಿಕ್ಕಿತು.